ಊರ ಕಣ್ಣೆದುರು ಅರಳಿದ ಕಂಪನಿ ಹತ್ತಿ

ಹತ್ತಿ ಬೀಜದ ಕಂಪನಿಗಳಿಗೆ ಸೂಪರ್‌ವೈಸರ್ ಆಗಿ ಸೇರುವ ಹುಡುಗರು ಆಗಾಗ ತೆಲಂಗಾಣದ ಗದ್ವಾಲಿನ ನಮ್ಮ ಮನೆಗೆ ಬರುತ್ತಾರೆ. ಕೆಲಸ ಹೇಗಿರುತ್ತದೆ ಹೇಳಿ ಆಚಾರ್ರೇ ಎನ್ನುತ್ತಾರೆ. ಅವರಿಗೆ ನಾನು ಹೇಳುವ ಮೊದಲ ಮಾತು ಒಂದೇ. ಹೊಲಕ್ಕೆ ಹೋದರೆ ಗಿಡ ಆಮೇಲೆ ನೋಡಿ, ಮೊದಲು ಅಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಬಲಗೈ ಹೆಬ್ಬೆರಳು ನೋಡಿ. ಉಗುರು ಉದ್ದ ಇರಬೇಕು. ಅದರ ಅಂಚು ಹಸಿರುಗಪ್ಪಾಗಿರಬೇಕು. ಎರಡೂ ಇದ್ದರೆ ನಿಮ್ಮ ಬೀಜದ ಚಿಂತೆ ಅರ್ಧ ಕಳೆಯಿತು.

ಈ ಕೆಲಸ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೈಬ್ರಿಡ್ ಹತ್ತಿಯ ಬೀಜವನ್ನು ಯಂತ್ರ ಮಾಡುವುದಿಲ್ಲ, ಕೈ ಮಾಡುತ್ತದೆ. ಹೊಲದಲ್ಲಿ ತಾಯಿ ಗಿಡದ ಸಾಲುಗಳು, ಒಂದು ಬದಿಗೆ ತಂದೆ ಗಿಡದ ಸಾಲುಗಳು. ನಾಳೆ ಅರಳಲಿರುವ ಮೊಗ್ಗನ್ನು ಇವತ್ತಿನ ಇಳಿಹೊತ್ತಿನಲ್ಲಿ ತಾಯಿ ಗಿಡದ ಮೇಲೆ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಬುಡದ ಸುತ್ತ ಗೀರಿ, ಎಸಳನ್ನೂ ಪರಾಗವನ್ನೂ ಒಟ್ಟಿಗೆ ಟೊಪ್ಪಿಗೆ ಕಳಚಿದಂತೆ ಕಳಚಬೇಕು. ನಡುವಿನ ಕಡ್ಡಿಗೆ ಗಾಯವಾಗಬಾರದು. ಗುರುತಿಗೆ ಕೆಂಪು ಕಾಗದದ ಚೂರು ಸಿಕ್ಕಿಸಬೇಕು. ಮರುದಿನ ಬೆಳಿಗ್ಗೆ ತಂದೆ ಗಿಡದ ಹೂ ತಂದು ಆ ಕಡ್ಡಿಗೆ ಸವರಬೇಕು. ಇದನ್ನು ನಮ್ಮ ಕಡೆ ಕ್ರಾಸಿಂಗ್ ಅನ್ನುತ್ತಾರೆ. ಒಂದು ಸಂಜೆ ಕೈ ತಪ್ಪಿದರೆ ಆ ಮೊಗ್ಗು ತಾನೇ ಅರಳಿ, ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಅಂಥ ಬೀಜ ಹೈಬ್ರಿಡ್ ಅಲ್ಲ, ಬರೀ ಹತ್ತಿ ಬೀಜ.

ಒಮ್ಮೆ ಒಂದು ಊರಿನ ಹೆಣ್ಣುಮಕ್ಕಳ ಉಗುರಿಗೆ ಕೆಟ್ಟ ಹೆಸರು ಬಂತು. ಆ ಹೆಸರನ್ನು ಅವರು ಹೇಗೆ ತೊಳೆದುಕೊಂಡರು ಎಂಬುದನ್ನು ಬರೆದಿಡಬೇಕೆಂದೇ ಕೂತಿದ್ದೇನೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ, ಕೇಳಿದ್ದನ್ನು ಕೇಳಿದ್ದೆಂದು ಹೇಳುತ್ತೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಊರಿನ ಹೆಸರೂ ಬೇಡ, ಮಲ್ದಕಲ್ ಸೀಮೆಯ ಒಂದು ಊರು ಎಂದಿಟ್ಟುಕೊಳ್ಳಿ. ನನ್ನ ಬಡ್ತಿಗಳ ವಿಷಯದಲ್ಲಿ ಬರೆಯುವಂಥದ್ದೇನೂ ಇಲ್ಲ.

ನಾನು ಹುಟ್ಟಿದ್ದು ಮಕ್ತಲ್, ಓದಿದ್ದು ನಾರಾಯಣಪೇಟೆ, ದುಡಿದದ್ದು ಗದ್ವಾಲ್ ಸುತ್ತ. ನಮ್ಮದು ಪೂಜೆ, ಊರ ಲೆಕ್ಕದ ಪಟವಾರಿಕೆ ಮಾಡಿಕೊಂಡು ಬಂದ ಮನೆತನ. ನಾನು ಕಂಪನಿಗೆ ಸೇರಿದಾಗ ಅಪ್ಪ ವಾರಗಟ್ಟಲೆ ಸರಿಯಾಗಿ ಮಾತನಾಡಲಿಲ್ಲ. ಸರ್ಕಾರದ ಚಾಕರಿಗೆ ಮಾನ ಇದೆ, ಸೇಟುಗಳ ಚಾಕರಿಗೆ ಏನಿದೆ ಎಂಬುದು ಅವರ ವಾದ. ಮಂತ್ರಾಲಯದಲ್ಲಿ ನೆಂಟರು ಸಿಕ್ಕರೆ, "ಮಗ ಕೃಷಿ ಖಾತೇದಾಗ ಇದ್ದಾನ" ಎಂದುಬಿಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ತುಂಗಭದ್ರೆಯ ಕಡೆ ನೋಡುತ್ತಿದ್ದೆ. ಕೆಲವು ವರ್ಷ ಕಳೆದ ಮೇಲೆ ಅದೇ ನೆಂಟರು ಅದೇ ಜಾಗದಲ್ಲಿ ಅಪ್ಪನ ಕೈ ಹಿಡಿದುಕೊಂಡು, "ನಿಮ್ಮ ಮಗನ ಕಂಪನ್ಯಾಗ ನಮ್ಮ ಹುಡುಗಗ ಒಂದು ಜಾಗ ನೋಡ್ರಿ" ಎಂದರು. ಅಪ್ಪ ಆ ದಿನದಿಂದ ಕಂಪನಿಯನ್ನು "ನಮ್ಮ ಕಂಪನಿ" ಅನ್ನತೊಡಗಿದರು.

ನಾರಾಯಣಪೇಟೆಯಲ್ಲಿ ನಾನು ಓದುವಾಗ ಕಾಲೇಜಿನ ಗೇಟಿನ ಮುಂದೆ ಬಂಡವಾಳಶಾಹಿಯನ್ನು ಸುಡಬೇಕೆಂದು ಭಾಷಣ ನಡೆಯುತ್ತಿತ್ತು. ಭಾಷಣ ಕೇಳಿ ನಾನು ಬಾಡಿಗೆಗಿದ್ದ ಕೋಣೆಗೆ ಬಂದರೆ, ಮನೆಯ ಯಜಮಾನ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸಾಹುಕಾರ ಕೊಟ್ಟ ನೂಲಿನಲ್ಲಿ ಸಾಹುಕಾರನ ಸೀರೆ ನೇಯುತ್ತಿರುತ್ತಿದ್ದ. ಭಾಷಣದ ವಿಷಯ ಹೇಳಿದರೆ ಲಾಳಿ ನಿಲ್ಲಿಸದೆಯೇ ಕೇಳುತ್ತಿದ್ದ: "ಸುಡ್ಲಿ ಬಿಡ್ರಿ. ಸುಟ್ಟ ಮ್ಯಾಲ ನೂಲು ಯಾರು ತಂದು ಕೊಡ್ತಾರಂತ?"

ಮಲ್ದಕಲ್ ಸೀಮೆಯ ಆ ಊರಿಗೆ ನಮ್ಮ ಕಂಪನಿಯ ಜೀಪು ಮೊದಲ ಸಲ ಹೋದಾಗ ನಾನು ಅದರಲ್ಲಿದ್ದೆ. ಊರಿನ ಅರ್ಧ ಭಾಗ ಮಕ್ತಲ್ ಕಡೆಯಿಂದ ಬಂದು ನೆಲೆ ನಿಂತ ಕುರುಬರ ಮನೆಗಳು. ಒಳಗೆ ಕನ್ನಡ, ಬೀದಿಗೆ ಬಂದರೆ ತೆಲುಗು. ಜೀಪಿನ ಗಾಲಿಗೆ ನಿಂಬೆಹಣ್ಣು ಇಟ್ಟರು, ಬಾನೆಟ್ಟಿಗೆ ತಮ್ಮ ದೇವರು ಬೀರಪ್ಪನ ಭಂಡಾರದ ಅರಿಶಿನ ಹಚ್ಚಿದರು. ನಮ್ಮ ಕೊರಳಿಗೂ ಹಾರ ಬಿತ್ತು. ಬೀಜದ ಹತ್ತಿ ಹಾಕಲು ಮೊದಲು ಒಪ್ಪಿದವನು ಮಲ್ಲಪ್ಪ. ಕುರಿಯೂ ಇತ್ತು, ಹೊಲವೂ ಇತ್ತು. ಆ ವರ್ಷದಿಂದ ಅವನಿಗೆ ಕಂಪನಿ ಮಲ್ಲಪ್ಪ ಎಂದು ಹೆಸರಾಯಿತು. ಅವನು ಅದನ್ನು ಬಿರುದಿನಂತೆ ಹೊತ್ತು ತಿರುಗಿದ. ಮಗನ ಮದುವೆಯ ಕರೆಯೋಲೆಯಲ್ಲೂ ಹಾಗೆಯೇ ಅಚ್ಚು ಹಾಕಿಸಿದ.

ಆ ಊರಲ್ಲಿ ಕಂಪನಿಯ ಬಗ್ಗೆ ಜನ ಏನು ತಿಳಿದಿದ್ದಾರೆ ಎಂದು ನೋಡಲು ನಾನು ಆ ಹೆಸರನ್ನೇ ಗಮನಿಸುತ್ತಿದ್ದೆ. ಮೊದಲು ಅದು ಗೌರವ. ನಡುವಿನ ವರ್ಷಗಳಲ್ಲಿ ಅದು ಬೈಗುಳವಾಯಿತು. ಮಕ್ಕಳು ಗೋಲಿ ಆಡುವಾಗ ಮೋಸ ಮಾಡಿದವನನ್ನು "ಏ, ಕಂಪನಿ!" ಎನ್ನುವುದನ್ನು ನಾನೇ ಕೇಳಿದ್ದೇನೆ. ಮಲ್ಲಪ್ಪ ಆ ದಿನಗಳಲ್ಲಿ ಯಾರಾದರೂ ಪೂರ್ತಿ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ.

ಬೈಗುಳವಾಗಲು ಕಾರಣ ಇತ್ತು. ಅದರಲ್ಲಿ ನನ್ನ ಮನಸ್ಸನ್ನು ಅಲುಗಾಡಿಸಿದ್ದು ಮಕ್ಕಳು. ಹತ್ತಿಯ ಗಿಡ ಸೊಂಟದ ಎತ್ತರ. ಬಗ್ಗದೆಯೇ ಮೊಗ್ಗು ಸಿಗುವುದು ಮಕ್ಕಳಿಗೆ. ನಮ್ಮ ಏರಿಯಾ ಮ್ಯಾನೇಜರ್ ಪ್ರಸಾದ್ ಕರಾವಳಿ ಆಂಧ್ರದವರು, ಚೊಕ್ಕ ಬಟ್ಟೆ, ಚೊಕ್ಕ ಮಾತು. "ಚಿಕ್ಕ ಬೆರಳಿನ ಕೆಲಸ ನಾಜೂಕು" ಎಂದು ಅವರು ಮೀಟಿಂಗಿನಲ್ಲಿ ಹೇಳಿದರು. ನಾವೆಲ್ಲ ಬರೆದುಕೊಂಡೆವು. ಮಕ್ತಲ್ ಕಡೆಯಿಂದ ಮಕ್ಕಳು ಟ್ರ್ಯಾಕ್ಟರ್‌ಗಳಲ್ಲಿ ಬಂದರು. ಕ್ರಾಸಿಂಗ್ ಮುಗಿಯುವವರೆಗೆ ಅಲ್ಲಿನ ಶಾಲೆಗಳು ಖಾಲಿ.

ಒಂದು ಬೆಳಿಗ್ಗೆ ಮಕ್ತಲ್ ಹತ್ತಿರದ ಒಂದು ಶಾಲೆಯ ಹೆಡ್ ಮಾಸ್ತರರು ಬಸ್ಸಿಳಿದು ನಮ್ಮ ಹೊಲಕ್ಕೆ ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಛತ್ರಿ ಬಿಟ್ಟರೆ ಏನೂ ಇಲ್ಲ. ಜಗಳ ಮಾಡುತ್ತಾರೆಂದು ನಾನು ಎದುರು ಹೋದೆ. ಅವರು ನನಗೆ ನಮಸ್ಕಾರ ಮಾಡಿ, ಬದುವಿನ ಮೇಲೆ ನಿಂತು, ಗಂಟಲು ಸರಿ ಮಾಡಿಕೊಂಡು, ತರಗತಿಯಲ್ಲಿ ಕರೆಯುವಂತೆಯೇ ಒಂದೊಂದೇ ಹೆಸರು ಕರೆದರು. ಮೊದಲ ಹೆಸರಿಗೆ ಸದ್ದಿಲ್ಲ. ಎರಡನೆಯದಕ್ಕೆ ಹತ್ತಿಯ ಸಾಲಿನ ನಡುವಿನಿಂದ ಅಭ್ಯಾಸಬಲದಿಂದ ಒಂದು ದನಿ ಬಂತು: "ಹಾಜರ್ರೀ ಸರ!" ಆಮೇಲೆ ಇನ್ನೊಂದು. ಆಮೇಲೆ ಹೊಲದ ನಾಲ್ಕೂ ಕಡೆಯಿಂದ, ಕಾಣದ ಮಕ್ಕಳು, ಬರೀ ದನಿಗಳು: ಹಾಜರ್ರೀ ಸರ, ಹಾಜರ್ರೀ ಸರ. ಹೊಲದ ರೈತ ತಲೆಯ ವಸ್ತ್ರ ತೆಗೆದು ಮುಖ ಒರೆಸಿಕೊಂಡ. ಮಾಸ್ತರರು ಹೆಸರು ಮುಗಿಸಿ, "ಎಲ್ಲಾರೂ ಇದ್ದೀರಿ. ಬರ್ರಿ, ಹೊತ್ತಾತು" ಎಂದರು. ಮಕ್ಕಳು ಸಾಲಿನಿಂದ ಹೊರಗೆ ಬಂದರು. ಯಾರೂ ತಡೆಯಲಿಲ್ಲ.

ಆ ಸುದ್ದಿ ಹೊಲದಿಂದ ಹೊಲಕ್ಕೆ ಹೋಯಿತು. ಅಲ್ಲಲ್ಲಿ ತಾಯಂದಿರೇ ಬೇಡ ಅನ್ನತೊಡಗಿದರು. ಸರ್ಕಾರದವರು ಬಂದರು, ಪತ್ರಿಕೆಯವರು ಬಂದರು. ಒಂದೇ ವರ್ಷದಲ್ಲಿ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಆದರೆ ನಾನು ನಿವೃತ್ತನಾಗುವ ಹೊತ್ತಿಗೆ ಮಗುವನ್ನು ಕ್ರಾಸಿಂಗಿಗೆ ಕಳಿಸಿದ ಮನೆಯವರು ಅದನ್ನು ನೆರೆಯವರಿಂದ ಮುಚ್ಚಿಡುತ್ತಿದ್ದರು. ಹಿಂದೆ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಕಾನೂನಿಗಿಂತ ಈ ನಾಚಿಕೆ ದೊಡ್ಡದು ಎಂದು ನನ್ನ ಅನುಭವ.

ಈಗ ಆ ಊರಿನ ವಿಷಯಕ್ಕೆ ಬರುತ್ತೇನೆ.

ಮಕ್ಕಳು ಹೋದ ಮೇಲೆ ಕೆಲಸ ದೊಡ್ಡ ಹೆಣ್ಣುಮಕ್ಕಳ ಕೈಗೆ ಬಂತು. ಮಲ್ಲಪ್ಪನ ಊರಲ್ಲಿ ಅವರ ಮುಂದಾಳು ಹನುಮವ್ವ. ಮಲ್ಲಪ್ಪನ ಅಕ್ಕನ ಮಗಳು, ಅವನನ್ನು ಮಾವ ಅನ್ನುತ್ತಾಳೆ. ಗಿಡ್ಡ ಆಳು, ದೊಡ್ಡ ಗಂಟಲು. ಸಂಜೆ ಸಾಲು ಮುಗಿದ ಮೇಲೆ ಇನ್ನೊಮ್ಮೆ ತಾನೇ ನಡೆದು ನೋಡುತ್ತಿದ್ದಳು. ಬಿಟ್ಟ ಮೊಗ್ಗು ಸಿಕ್ಕರೆ ಬಿಟ್ಟವಳನ್ನು ಕರೆದು, "ಇದನ್ನ ಯಾರಿಗೆ ಇಟ್ಟೀಯವ್ವಾ, ನಿನ್ನ ಗಂಡಗ ಮುಡಸಾಕ?" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಬಿಟ್ಟವಳೂ ನಗುತ್ತಿದ್ದಳು, ಮರುದಿನ ಬಿಡುತ್ತಿರಲಿಲ್ಲ.

ನಮ್ಮ ಪದ್ಧತಿ ಹೀಗಿತ್ತು. ರೈತ ಕೊಟ್ಟ ಬೀಜದ ಮಾದರಿಯನ್ನು ಕಂಪನಿ ಎಲ್ಲೋ ದೂರದ ತನ್ನ ತೋಟದಲ್ಲಿ ಬಿತ್ತಿ, ಎದ್ದ ಗಿಡ ಸರಿಯಾದ ಜಾತಿಯದೋ ಅಲ್ಲವೋ ನೋಡುತ್ತದೆ. ತಪ್ಪು ಗಿಡ ಹೆಚ್ಚಿದ್ದರೆ ಆ ಬೀಜ ಫೇಲ್. ಯಾವ ಗಿಡ, ಎಂಥ ತಪ್ಪು ಎಂದು ರೈತನಿಗೆ ತೋರಿಸುವುದಿಲ್ಲ. ನಮಗೂ ತೋರಿಸುತ್ತಿರಲಿಲ್ಲ. ಫೇಲ್ ಎಂಬ ಒಂದು ಮಾತು ಫೋನಿನಲ್ಲಿ ಬರುತ್ತಿತ್ತು, ಅದನ್ನು ಊರಿಗೆ ಮುಟ್ಟಿಸುವುದು ನಮ್ಮ ಕೆಲಸ.

ಆ ವರ್ಷ ಮಲ್ಲಪ್ಪನ ಹೊಲದ ಬೀಜ ಫೇಲ್ ಆಯಿತು. ಅದರ ಜೊತೆಗೆ ಬಂದ ಮಾತು ಇನ್ನೂ ಕೆಟ್ಟದ್ದು. ಈ ಊರಲ್ಲಿ ಕ್ರಾಸಿಂಗ್ ಸರಿಯಾಗಿ ಮಾಡುವುದಿಲ್ಲ, ಮುಂದಿನ ಸಲ ಇಡೀ ಊರಿಗೆ ಬೀಜ ಕೊಡುವುದು ಬೇಡ, ಇಲ್ಲಿನ ಹೆಣ್ಣುಮಕ್ಕಳನ್ನು ಬೇರೆ ಊರಿನ ಕೆಲಸಕ್ಕೂ ತೆಗೆದುಕೊಳ್ಳಬೇಡಿ ಎಂದು. ಹೇಳಲು ನನ್ನನ್ನೇ ಕಳಿಸಿದರು.

ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಹೇಳಿದೆ. ಮಲ್ಲಪ್ಪ ತಲೆ ತಗ್ಗಿಸಿದ. ಹನುಮವ್ವ ನನ್ನ ಮುಂದೆ ಬಂದು ತನ್ನ ಹೆಬ್ಬೆರಳು ಎತ್ತಿ ಹಿಡಿದಳು.

"ಆಚಾರ್ರ, ಇದನ್ನ ನೋಡ್ರಿ. ಇದು ಫೇಲ್ ಆಗೈತೇನು?"

"ನಾ ಅಂದಿಲ್ಲವ್ವಾ. ಮೇಲಿನವರು ಅಂದಾರ."

"ಮೇಲಿನವರು ಅಂದ್ರ ಯಾರ್ರೀ, ಬೀರಪ್ಪನಾ? ಗಿಡ ನೋಡಿದವರು ಯಾರು? ನೀವು ನೋಡೀರೇನು?"

"ಇಲ್ಲ."

"ಮಾವ ನೋಡ್ಯಾನೇನು? ನಾ ನೋಡೀನೇನು? ಯಾರೂ ನೋಡ್ದಂಗ ಹೆಂಗ್ರೀ ಫೇಲ್ ಆಕ್ಕೈತಿ? ನಮ್ಮ ಬೀಜ ನಮ್ಮೂರಾಗ ಬಿತ್ರಿ. ನಮ್ಮ ಕಣ್ಣ ಮುಂದ ಏಳ್ಲಿ. ತಪ್ಪಿದ್ರ ನನ್ನ ಉಗುರು ನಾನಽ ಕಡಕೋತೀನಿ."

ನಾನು ಇದೇ ಮಾತನ್ನು ಪ್ರಸಾದರಿಗೆ ಹೇಳಿದೆ. ಅವರಿಗೆ ನಗು ಬಂತು. ಊರೂರಿಗೂ ಹೋಗಿ ಬೀಜ ಬಿತ್ತಿ ತೋರಿಸಿದರೆ ಕಂಪನಿ ಯಾಕೆ ಬೇಕು ಎಂದರು.

ಮುಂಗಾರು ಬಂತು. ಆ ಊರಿಗೆ ಬೀಜ ಬರಲಿಲ್ಲ. ಸುತ್ತಲಿನ ಊರುಗಳಲ್ಲಿ ಬೀಜದ ಹತ್ತಿ ಎದ್ದು ಮೊಗ್ಗು ಬಿಟ್ಟಿತು. ಹನುಮವ್ವ ಮನೆಯಲ್ಲಿ ಕೂರಲಿಲ್ಲ. ಬೀಜದ ಹತ್ತಿಯ ಇನ್ನೊಂದು ಊರಾದ ಶಾಂತಿನಗರದ ಸುತ್ತ, ಕ್ರಾಸಿಂಗಿಗೆಂದು ಬಂದು ಹೊಲಗಳಲ್ಲಿ ತಂಗಿದ್ದ ಮಕ್ತಲ್ ಕಡೆಯ ಹೆಣ್ಣುಮಕ್ಕಳ ಹತ್ತಿರ ಹೋದಳು. ಅವರು ಅಡಿಗೆ ಮಾಡುವಾಗ ಹೋಗಿ ಒಲೆಯ ಮುಂದೆ ಕೂರುತ್ತಿದ್ದಳಂತೆ, ರೊಟ್ಟಿ ಬಡಿಯುತ್ತ ಮಾತನಾಡುತ್ತಿದ್ದಳಂತೆ. ಇದು ನಾನು ಕಂಡದ್ದಲ್ಲ, ಆಮೇಲೆ ಕೇಳಿದ್ದು. ಹಳೆಯ ದಿನಗಳಲ್ಲಾಗಿದ್ದರೆ ಒಂದೂರಿನ ಕೆಲಸ ತಪ್ಪಿದ್ದು ಇನ್ನೊಂದೂರಿಗೆ ಒಳ್ಳೆಯ ಸುದ್ದಿ. ಹೆಚ್ಚಿಗೆ ಕೆಲಸ ನಮಗೇ ಬರಲಿ ಎನ್ನುತ್ತಿದ್ದರು. ಈ ಸಲ ಹಾಗಾಗಲಿಲ್ಲ. ಫೇಲ್ ಎಂಬ ಮಾತು ಯಾವ ಊರಿಗೂ ಬರಬಹುದಿತ್ತು, ಅದು ಎಲ್ಲರಿಗೂ ಗೊತ್ತಿತ್ತು.

ಒಂದು ಇಳಿಹೊತ್ತಿಗೆ ನನಗೆ ಫೋನ್ ಬಂತು. ಹೋಗಿ ನೋಡಿದರೆ ಶಾಂತಿನಗರದ ರಸ್ತೆಯ ಉದ್ದಕ್ಕೂ ಹೆಣ್ಣುಮಕ್ಕಳು ಬದುವಿನ ಮೇಲೆ ಕೂತಿದ್ದಾರೆ. ಕೈ ಮಡಿಲಲ್ಲಿ. ಯಾರೂ ಸಾಲಿಗೆ ಇಳಿದಿಲ್ಲ. ಅವರ ಹಿಂದೆ ನಾಳೆಯ ಮೊಗ್ಗುಗಳು ತುದಿ ಬಿರಿದು ನಿಂತಿವೆ. ಮೊದಲ ಸುತ್ತಿನ ಮೊಗ್ಗು, ಒಳ್ಳೆ ಕಾಯಿ ಕಟ್ಟುವುದೇ ಅದು. ಪ್ರಸಾದರ ಜೀಪು ಧೂಳೆಬ್ಬಿಸುತ್ತ ಬಂತು. ಇಳಿದವರು ನೇರ ಹನುಮವ್ವನ ಹತ್ತಿರ ಹೋದರು. ಅವರಿಗೆ ಕನ್ನಡ ತಕ್ಕಮಟ್ಟಿಗೆ ಬರುತ್ತಿತ್ತು.

"ಏನಮ್ಮ ಇದು? ನಾಳೆ ಬೆಳಿಗ್ಗೆ ಎಲ್ಲಾ ಅರಳಿಬಿಡುತ್ತೆ!"

"ಅರಳ್ಲಿ ಬಿಡ್ರಿ ಸಾರು. ಹೂವಿನ ಕೆಲಸ ಅರಳೋದು."

"ಹಾಳಾಗುತ್ತಮ್ಮ!"

"ನಾವು ಮಾಡಿದ್ರೂ ಫೇಲ್, ಮಾಡದಿದ್ರೂ ಫೇಲ್. ಕುಂತು ಫೇಲ್ ಆದ್ರ ಸೊಂಟಾದ್ರೂ ಉಳೀತೈತಿ."

ಬದುವಿನ ತುಂಬ ನಗು ಹಬ್ಬಿತು. ಪ್ರಸಾದ್ ಹೊಲದ ರೈತನ ಕಡೆ ತಿರುಗಿದರು. ಅವನು ತೆಲುಗಿನವನು, ದೊಡ್ಡ ಹಿಡುವಳಿಯವನು. ಹೂ ಹಾಳಾದರೆ ಮೊದಲು ಮುಳುಗುವವನು ಅವನೇ. ಹೆಣ್ಣುಮಕ್ಕಳ ಮೇಲೆ ಅವನು ಆಗಲೇ ಒಮ್ಮೆ ಕೂಗಾಡಿ ಸುಸ್ತಾಗಿದ್ದ ಎಂದು ಅಲ್ಲಿದ್ದವರು ನನಗೆ ಹೇಳಿದರು. ನೀವಾದರೂ ಬುದ್ಧಿ ಹೇಳಿ ಎಂದು ಪ್ರಸಾದ್ ಕೇಳಿದಾಗ ಅವನು ಪಡುವಣದ ಕಡೆ ನೋಡಿದ. ಸೂರ್ಯ ಇಳಿಯುತ್ತಿದ್ದ. ಆಮೇಲೆ ಹೆಗಲ ಮೇಲಿನ ವಸ್ತ್ರ ಹಾಸಿ ಬದುವಿನ ಮೇಲೆ, ಹೆಣ್ಣುಮಕ್ಕಳ ಪಕ್ಕದಲ್ಲೇ ಕೂತುಬಿಟ್ಟ.

"ರೇಪು ಮಾದಿ ಕೂಡಾ ಫೇಲ್ ಅಂಟಾರು ಕದಾ ಸಾರ್" ಎಂದ. ನಾಳೆ ನಮ್ಮದನ್ನೂ ಫೇಲ್ ಅನ್ನುತ್ತೀರಲ್ಲ ಎಂದು.

ಆ ಮನುಷ್ಯ ಕೂತದ್ದನ್ನು ನೋಡಿ ನನಗೆ ಕಾಲೇಜಿನ ಗೇಟಿನ ಭಾಷಣಗಳು ನೆನಪಾದವು. ಅಲ್ಲಿ ಯಾರೂ ಹೇಳದಿದ್ದದ್ದು ಇಲ್ಲಿ ನಡೆಯುತ್ತಿತ್ತು. ಇಲ್ಲಿ ಯಾರಿಗೂ ಕಂಪನಿಯನ್ನು ಸುಡಬೇಕಾಗಿರಲಿಲ್ಲ. ಬೀಜ ಬೇಕಿತ್ತು, ಕೆಲಸ ಬೇಕಿತ್ತು, ಕಂಪನಿಯೂ ಇರಲಿ ಎಂದೇ ಎಲ್ಲರ ಮನಸ್ಸು. ತೀರ್ಪು ಮಾತ್ರ ಕಣ್ಣ ಮುಂದೆ ಆಗಬೇಕಿತ್ತು.

ಪ್ರಸಾದ್ ಜೀಪಿನ ಹಿಂದೆ ಹೋಗಿ ಫೋನ್ ಮಾಡಿದರು. ಮತ್ತೆ ಮಾಡಿದರು. ಯಾರ ಜೊತೆ ಏನು ಮಾತನಾಡಿದರೋ ನನಗೆ ಕೇಳಿಸಲಿಲ್ಲ. ವಾಪಸು ಬಂದಾಗ ಅವರ ಚೊಕ್ಕ ಅಂಗಿ ಬೆನ್ನಿಗೆ ಅಂಟಿತ್ತು. "ಸರಿ. ನಿಮ್ಮೂರಲ್ಲೇ ಬಿತ್ತುತ್ತೇವೆ. ಕಂಪನಿಯ ಸೀಲು ಹಾಕಿಟ್ಟ ನಿಮ್ಮ ಬೀಜದ ಮಾದರಿ, ನಿಮ್ಮ ಮುಂದೆಯೇ ಒಡೆಯುತ್ತೇವೆ" ಎಂದರು.

ಹನುಮವ್ವ ಎದ್ದು ನಿಂತು ಸೆರಗು ಸಿಕ್ಕಿಸಿದಳು. "ಏಳ್ರವ್ವಾ, ಬೆಳಕು ಐತಿ!" ಎಂದು ಕೂಗಿದಳು. ಅವರು ಸಾಲಿಗೆ ಇಳಿದ ಪರಿಯನ್ನು ನೀವು ನೋಡಬೇಕಿತ್ತು. ಆ ಸಂಜೆ ಉಳಿದಿದ್ದ ಬೆಳಕಿನಲ್ಲಿ ಆಗುವುದಿಲ್ಲ ಎಂದು ನಾನು ತಿಳಿದಿದ್ದೆ. ಆಯಿತು. ಆ ರೈತನೂ ಪಂಚೆ ಮೇಲೆ ಕಟ್ಟಿ ಕೆಂಪು ಕಾಗದ ಹಂಚುತ್ತ ಓಡಾಡಿದ. ಹನುಮವ್ವನಿಗೆ ಆ ಹೊಲದಲ್ಲಿ ಕೆಲಸ ಮಾಡುವ ಅಪ್ಪಣೆ ಇರಲಿಲ್ಲ, ಆದರೂ ಇಳಿದಳು. ಪ್ರಸಾದ್ ನೋಡಿಯೂ ನೋಡದವರಂತೆ ಆ ಕಡೆ ತಿರುಗಿ ನಿಂತರು.

ಬೀರಪ್ಪನ ಗುಡಿಯ ಪಕ್ಕದ ತುಂಡು ಹೊಲದಲ್ಲಿ ಬೋರಿನ ನೀರು ಇತ್ತು. ಅಲ್ಲಿ ಬಿತ್ತಿದೆವು. ಆ ಊರಿನ ಕುರುಬರಲ್ಲಿ ಒಂದು ಪದ್ಧತಿ ಇದೆ. ಹೊಲದಿಂದ ಏನೇ ಬೀಜ ಬಂದರೂ ಕೊಡುವ ಮೊದಲು ಒಂದು ಹಿಡಿ ತೆಗೆದು, ಭಂಡಾರ ಬೆರೆಸಿ, ಬಟ್ಟೆಯಲ್ಲಿ ಕಟ್ಟಿ ಗುಡಿಯಲ್ಲಿ ಇಡುತ್ತಾರೆ. ಮಲ್ಲಪ್ಪ ಆ ಗಂಟು ತಂದು, "ಇದನ್ನೂ ಬಿತ್ರಿ. ಕಂಪನಿ ಬೀಜ ಒಂದು ಕಡೆ, ದೇವರ ಬೀಜ ಒಂದು ಕಡೆ. ಎರಡೂ ಒಂದಽ ಹೊಲದ್ದು" ಎಂದ. ಪ್ರಸಾದ್ ಒಪ್ಪಿದರು. ಸಾಲುಗಳನ್ನು ಪಕ್ಕಪಕ್ಕ ಹಾಕಿದೆವು. ಕಾಯಲು ಕಂಪನಿಯ ಒಬ್ಬ ಮನುಷ್ಯ ಇದ್ದ, ಊರಿನವರು ಪಾಳಿಯ ಮೇಲೆ ಇದ್ದರು. ಒಬ್ಬರನ್ನೊಬ್ಬರು ಕಾಯುತ್ತ ಕೂತವರು ಕೊನೆಗೆ ಒಟ್ಟಿಗೆ ಉಣ್ಣುವ ಹಾಗಾದರು.

ಇಲ್ಲಿ ಒಂದು ಗುರುತು ಹೇಳಬೇಕು. ಆ ತಳಿಯಲ್ಲಿ ತಂದೆ ಗಿಡದ ಹೂವಿನ ಎಸಳಿನ ಬುಡದಲ್ಲಿ ಕೆಂಪು ಚುಕ್ಕೆ ಇರುತ್ತದೆ. ತಾಯಿ ಗಿಡಕ್ಕೆ ಇರುವುದಿಲ್ಲ. ಕ್ರಾಸಿಂಗ್ ಸರಿಯಾಗಿ ಆಗಿದ್ದರೆ ಆ ಬೀಜದ ಪ್ರತಿ ಗಿಡದ ಹೂವಿಗೂ ಚುಕ್ಕೆ ಬರುತ್ತದೆ. ಕೈ ತಪ್ಪಿದ್ದರೆ ಬಿಳಿ ಹೂ ಬರುತ್ತದೆ, ಬುಡ ಖಾಲಿ.

ಗಿಡಗಳು ಹೂ ಬಿಟ್ಟ ಬೆಳಿಗ್ಗೆ ಇಡೀ ಊರು ಗುಡಿಯ ಹತ್ತಿರ ಬಂದಿತ್ತು. ಶಾಂತಿನಗರದ ಆ ರೈತ ಬಂದಿದ್ದ. ಪ್ರಸಾದ್ ಮೊದಲ ಗಿಡದ ಹೂ ಬಿಡಿಸಿದರು. ಚುಕ್ಕೆ ಇತ್ತು. ಎರಡನೆಯದರಲ್ಲಿ ಇತ್ತು. ಆಮೇಲೆ ಹೆಣ್ಣುಮಕ್ಕಳಿಗೆ ತಡೆಯಲಾಗಲಿಲ್ಲ, ಸಾಲುಗಳ ನಡುವೆ ನುಗ್ಗಿದರು.

"ಚುಕ್ಕಿ ಐತಿ!"

"ಇಲ್ಲೂ ಐತ್ರೀ!"

"ಏ ಲಕ್ಷ್ಮೀ, ಆ ಸಾಲು ನೋಡಿದೇನು?"

"ಕುಂಕುಮ ಇಟ್ಟಂಗ ಐತಿ ನೋಡವ್ವಾ!"

ಖಾಲಿ ಬುಡದ ಹೂ ಒಂದೂ ಸಿಗಲಿಲ್ಲ. ಕಂಪನಿಯ ಸಾಲಿನಲ್ಲೂ ಇಲ್ಲ, ದೇವರ ಸಾಲಿನಲ್ಲೂ ಇಲ್ಲ. ನಾನು ಸಾಲು ಹಿಡಿದು ನಿಧಾನವಾಗಿ ನಡೆದೆ, ಮತ್ತೆ ನಡೆದೆ. ನನ್ನ ಕಣ್ಣನ್ನು ನಾನೇ ನಂಬಬೇಕಿತ್ತು. ಡೊಳ್ಳು ತರಲು ಯಾರೋ ಆಗಲೇ ಓಡಿದ್ದರು.

"ಹಾಗಾದರೆ ಇದು ಫೇಲ್ ಆದದ್ದು ಯಾಕೆ?" ಎಂದರು ಪ್ರಸಾದ್. ಅವರ ದನಿಯಲ್ಲಿ ಜಗಳ ಇರಲಿಲ್ಲ, ನಿಜವಾದ ಸಂದೇಹ ಇತ್ತು. ಅವರು ಒಂದು ಗಿಡ ತೋರಿಸಿದರು. ಅದು ಉಳಿದವುಗಳಿಗಿಂತ ಎತ್ತರ, ಗೆಣ್ಣು ಉದ್ದ. ಹೂವಿಗೆ ಚುಕ್ಕೆ ಇದೆ, ಆದರೆ ಗಿಡ ನಮ್ಮ ತಳಿಯದಲ್ಲ. ಅಂಥವು ಅಲ್ಲಲ್ಲಿ ಇದ್ದವು, ಎರಡೂ ಕಡೆಯ ಸಾಲುಗಳಲ್ಲಿ. ದೂರದ ತೋಟದಲ್ಲಿ ಕಂಪನಿಯವರು ತಪ್ಪೆಂದು ಎಣಿಸಿದ್ದು ಇವುಗಳನ್ನೇ. ತಂದೆ ಸರಿ, ತಾಯಿ ಯಾರೋ ಬೇರೆ.

ಮಲ್ಲಪ್ಪ ಆ ಗಿಡದ ಮುಂದೆ ಬಂದು ನಿಂತ. ಅವನ ಮುಖದ ಬಣ್ಣ ಬದಲಾದದ್ದು ನನಗೆ ಕಂಡಿತು.

"ಇದು..." ಎಂದ.

ಹಿಂದಿನಿಂದ ಅವನ ಮಗ ತೋಳು ಹಿಡಿದು ಎಳೆದ. "ಸುಮ್ಮಿರಪ್ಪ. ಗೆದ್ದೀವಿ."

ಡೊಳ್ಳು ಬಂದಿತ್ತು, ಬಡಿಯುವವನು ಕೈ ಎತ್ತಿದ್ದ. ಮಲ್ಲಪ್ಪ ಹನುಮವ್ವನ ಕಡೆ ನೋಡಿದ. ಅವಳ ಉಗುರಿನ ಮಾನ ಉಳಿದಿತ್ತು. ಇನ್ನು ಒಂದು ಮಾತು ಹೆಚ್ಚಿಗೆ ಆಡಿದರೆ ಊರು ಮತ್ತೆ ಕೆಲಸ ಕಳೆದುಕೊಳ್ಳಬಹುದಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಹೇಳು ಮಾವ" ಎಂದಳು ಹನುಮವ್ವ. "ಅವರು ಮುಚ್ಚಿಟ್ರು ಅಂತ ಇಷ್ಟು ದಿನ ಬೈದೀವಿ. ಈಗ ನಾವಽ ಮುಚ್ಚಿಟ್ರ ಹೆಂಗ?"

ಮಲ್ಲಪ್ಪ ಹೇಳಿದ. ನಮ್ಮ ಕಡೆ ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬುತ್ತಾರೆ, ಎಂದರೆ ಮಂದೆಯನ್ನು ಹೊಲದಲ್ಲೇ ಮಲಗಿಸುತ್ತಾರೆ. ಅದಕ್ಕೆ ಮೊದಲು ಅವನ ಕುರಿಗಳು ದೂರದ ಊರಿನ, ಬಿಡಿಸಿ ಮುಗಿದ ಹತ್ತಿಯ ಹೊಲಗಳಲ್ಲಿ ಮೇದು ಬಂದಿದ್ದವು. ಅಲ್ಲಿ ಉಳಿದ ಹತ್ತಿ ಬೀಜಸಮೇತ ಅವುಗಳ ಉಣ್ಣೆಗೆ ಅಂಟಿಕೊಂಡಿತ್ತು. ಕುರಿ ಮಲಗಿದಲ್ಲಿ ಬೀಜ ಉದುರಿತು. ಮಳೆ ಬಿದ್ದಾಗ ಕಂಪನಿಯ ಬೀಜದ ಜೊತೆಗೇ ಅವೂ ಎದ್ದವು. ಸಾಲಿನಲ್ಲಿ ಬೀಜ ಹುಟ್ಟದ ಜಾಗಗಳಿದ್ದವು. ಅವನು ಸಾಲಿನ ಹೊರಗೆ ಎದ್ದಿದ್ದ ಗಟ್ಟಿ ಸಸಿಗಳನ್ನು ಕಿತ್ತು ಆ ಜಾಗಗಳಲ್ಲಿ ನೆಟ್ಟ.

"ಎದ್ದ ಸಸಿ ಒಗೀಬಾರದು ಅಂತ ನಮ್ಮಪ್ಪ ಹೇಳ್ತಿದ್ದ ಸಾರು. ಚೆಲ್ಲಿದ ಕಂಪನಿ ಬೀಜನಽ ಎದ್ದೈತಿ ಅಂತ ತಿಳಿದೆ. ಎತ್ತರ ಬಂತು. ಕುರಿ ಗೊಬ್ಬರದ ಜೋರು ಅಂದ್ಕೊಂಡೆ."

ನಾವೂ ಹಾಗೆಯೇ ಅಂದುಕೊಂಡಿದ್ದೆವು. ಕುರಿ ಮಲಗಿದ ಜಾಗದಲ್ಲಿ ಗಿಡ ಎತ್ತರ ಬರುವುದು ಹೊಸದಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಹೆಣ್ಣುಮಕ್ಕಳು ಆ ಪರಕೀಯ ಗಿಡದ ಮೊಗ್ಗುಗಳನ್ನೂ ಅಷ್ಟೇ ಶ್ರದ್ಧೆಯಿಂದ ಬಿಡಿಸಿ, ಅಷ್ಟೇ ಶ್ರದ್ಧೆಯಿಂದ ತಂದೆ ಹೂ ಸವರಿದ್ದರು. ತಪ್ಪು ತಾಯಿಗೆ ಹುಟ್ಟಿದ ಗಿಡಕ್ಕೂ ಚುಕ್ಕೆ ಬಂದದ್ದು ಅದಕ್ಕೇ. ಅವರ ಕೆಲಸ ಸರಿಯಿತ್ತೆಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ.

ಎಲ್ಲರೂ ಪ್ರಸಾದರ ಮುಖ ನೋಡುತ್ತಿದ್ದರು. ಅವರು ಕೆಳಗೆ ಕೂತು ಆ ಎತ್ತರದ ಗಿಡದ ಬುಡ ಮುಟ್ಟಿ ನೋಡಿದರು. ಆಮೇಲೆ ನಕ್ಕರು. ಅವರು ಹ್ಹಹ್ಹ ಎಂದು ಬಾಯಿ ತೆರೆದು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಕುರಿ! ನಮ್ಮ ಯಾವ ಪಾಠದಲ್ಲೂ ಕುರಿ ಇಲ್ಲವಲ್ಲ ಆಚಾರ್!"

ಹನುಮವ್ವ ಅವರ ಮುಂದೆ ಹೋಗಿ ನಿಂತಳು. ಹೆಬ್ಬೆರಳು ಎತ್ತಿದಳು.

"ಕುರಿ ತಪ್ಪು ನಮ್ದು ಸಾರು, ಬರಕೋರಿ. ಆದ್ರ ಇದಕ್ಕ ನೀವು ಫೇಲ್ ಅಂದಿದ್ರಿ. ಅಲ್ಲೆಲ್ಲೋ ಕುಂತು ಅಂದಿದ್ರಿ. ಈಗ ಇಲ್ಲಿ, ಊರ ಮುಂದ, ಪಾಸ್ ಅನ್ನ್ರಿ."

ಪ್ರಸಾದ್ ಎದ್ದರು, ಕೈಯ ಮಣ್ಣು ಪ್ಯಾಂಟಿಗೇ ಒರೆಸಿಕೊಂಡರು. "ಪಾಸ್" ಎಂದರು.

"ಗಟ್ಟ್ಯಾಗಿ ಅನ್ನ್ರೀ, ಗುಡಿಯಾಗ ಬೀರಪ್ಪಗ ಕೇಳಂಗಿಲ್ಲ."

"ಪಾಸ್!" ಎಂದು ಕೂಗಿದರು. ಡೊಳ್ಳಿನವನು ಇನ್ನು ಕಾಯಲಿಲ್ಲ. ಭಂಡಾರ ಎರಚಿದರು. ಅವರ ಚೊಕ್ಕ ಅಂಗಿ ಹಳದಿಯಾಯಿತು. ಮೊದಲ ದಿನ ಜೀಪಿಗೆ ಹಚ್ಚಿದ ಭಂಡಾರಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ನನಗೆ ಅಲ್ಲಿ ನಿಂತಾಗಲೇ ಹೊಳೆಯಿತು. ಅವತ್ತು ಊರು ಕೈ ಮುಗಿದು ಹಚ್ಚಿತ್ತು. ಈಗ ನೆಂಟನ ಮೈಗೆ ಎರಚುವಂತೆ ನಗುತ್ತ ಎರಚಿತು.

ಮರುವರ್ಷ ಊರಿಗೆ ಬೀಜ ಬಂತು. ಪದ್ಧತಿಗಳು ಬದಲಾದವು. ಕುರಿ ತರುಬುವ ಮೊದಲು ಉಣ್ಣೆ ಕತ್ತರಿಸಬೇಕು. ಖಾಲಿ ಜಾಗ ತುಂಬಲು ಬಿತ್ತನೆಯ ದಿನವೇ ಬೇರೆಯಾಗಿ ಎಬ್ಬಿಸಿದ ಸಸಿಯನ್ನೇ ನೆಡಬೇಕು. ಪ್ರತಿ ವರ್ಷದ ಪರೀಕ್ಷೆಯ ಸಾಲು ಊರಲ್ಲೇ ಏಳಬೇಕು. ಈ ಮೂರನೆಯದನ್ನು ಕಂಪನಿ ಬೇರೆ ಊರುಗಳಿಗೂ ಒಪ್ಪಲು ಹೆಣ್ಣುಮಕ್ಕಳು ಇನ್ನೂ ಕೆಲವು ಸಂಜೆ ಬದುವಿನ ಮೇಲೆ ಕೂರಬೇಕಾಯಿತು. ಒಪ್ಪಿತು. ನಾನು ಕೆಲಸ ಬಿಡುವ ಹೊತ್ತಿಗೆ ಫೇಲ್ ಎಂಬ ಮಾತನ್ನು ಫೋನಿನಲ್ಲಿ ಹೇಳುವ ಕಾಲ ನಮ್ಮ ಕಡೆ ಮುಗಿದಿತ್ತು. ಹೊಸದಾಗಿ ಸೇರುವವರೇ, ಗಿಡ ತೋರಿಸದೆ ತೀರ್ಪು ಹೇಳಿ ಬಾ ಎಂದು ಯಾರಾದರೂ ನಿಮ್ಮನ್ನು ಕಳಿಸಿದರೆ ಹೋಗಬೇಡಿ. ಹೋಗಲೇಬೇಕಾದರೆ ಹನುಮವ್ವನಂಥವರು ಇರುವ ಊರಿಗೆ ಹೋಗಿ.

ಹೋದ ಬೇಸಿಗೆಯಲ್ಲಿ ಆ ಊರಿಗೆ ಹೋಗಿದ್ದೆ. ಗುಡಿಯ ಮುಂದೆ ಉಣ್ಣೆ ಕತ್ತರಿಸುತ್ತಿದ್ದರು. ಮುದುಕ ಮಲ್ಲಪ್ಪ ನೆರಳಲ್ಲಿ ಕೂತು ಹೇಳಿಕೊಡುತ್ತಿದ್ದ. ದಾರಿಯಲ್ಲಿ ಹೋಗುವವನೊಬ್ಬ, "ಏನೋ ಕಂಪನಿ ಮಲ್ಲಪ್ಪ, ಅರಾಮಾ?" ಎಂದ. ಅವನು "ಅರಾಮ" ಎಂದು ತಿರುಗಿಯೇ ಉತ್ತರಿಸಿದ. ಈಗ ಅದು ಬಿರುದೂ ಅಲ್ಲ, ಬೈಗುಳವೂ ಅಲ್ಲ, ಬರೀ ಹೆಸರು.

ಹನುಮವ್ವ ಕ್ರಾಸಿಂಗ್ ಬಿಟ್ಟು ಬಹಳ ದಿನವಾಗಿದೆ. ಕಣ್ಣು ಮಂಜು. ಚಹಾ ತಂದುಕೊಟ್ಟಳು. ಲೋಟ ಹಿಡಿದ ಬಲಗೈ ಹೆಬ್ಬೆರಳಿನ ಉಗುರು ಇನ್ನೂ ಅಷ್ಟೇ ಉದ್ದ ಇತ್ತು.

"ಕೆಲಸ ಬಿಟ್ಟ ಮ್ಯಾಲ ಉಗುರು ಯಾಕ ಬಿಟ್ಟೀಯವ್ವಾ?" ಎಂದೆ.

"ಇರ್ಲಿ ಬಿಡ್ರಿ ಆಚಾರ್ರ" ಎಂದಳು, ಹೆಬ್ಬೆರಳನ್ನು ತಿರುಗಿಸಿ ನೋಡಿಕೊಳ್ಳುತ್ತ. "ಹೊಸಾ ಮ್ಯಾನೇಜರ್ ಬರ್ತಾನಂತ. ಅವಗೂ ಒಮ್ಮೆ ತೋರಸಬೇಕಲ್ಲ."